ಇಬ್ಬರಿಗೊಂದು ಮಾನಿಟರ್

ಮೂವತ್ತನಾಲ್ಕು ವರ್ಷ ಗೂಡ್ಸ್ ಗಾಡಿ ಓಡಿಸಿದ ಸಾಯಬಣ್ಣ ಒಮ್ಮೆಯೂ ಕೆಂಪು ಸಿಗ್ನಲ್ ದಾಟಿದವನಲ್ಲ. ದಾಟಿದ್ದು ನಿವೃತ್ತಿಯಾಗಿ ಮೂರು ವರ್ಷದ ಮೇಲೆ, ವಾಡಿಯ ತನ್ನ ಮನೆಯ ಪಡಸಾಲೆಯಲ್ಲಿ, ಕುರ್ಚಿಯ ಮೇಲೆ ಕೂತು, ಮಧ್ಯಾಹ್ನ ಮೂರೂವರೆಗೆ.

ಅದು ಕಂಪ್ಯೂಟರಿನ ಆಟ. ಯಾವುದೋ ಹಿಮ ಬೀಳುವ ದೇಶದ ರೈಲ್ವೆ ಲೈನು, ನಿಜದ ಹಾಗೇ ಎಂಜಿನ್ನು, ನಿಜದ ಹಾಗೇ ಬ್ರೇಕು. ಹಾಕಿಕೊಟ್ಟವನು ಮಗ ಉದಯಕುಮಾರ. ಅವನು ಆದಿತ್ಯನಗರದ ಸಿಮೆಂಟ್ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸದಲ್ಲಿದ್ದ. ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ನಿವೃತ್ತಿಯಾದ ಹೊಸದರಲ್ಲಿ ಸಾಯಬಣ್ಣ ದಿನಾ ಬೆಳಿಗ್ಗೆ ಸ್ಟೇಶನ್ನಿಗೆ ಹೋಗಿ, ಬಂದು ನಿಂತ ಗಾಡಿಗಳ ಡ್ರೈವರುಗಳಿಗೆ ಅವರು ಬ್ರೇಕ್ ಹಾಕಿದ ರೀತಿ ಸರಿಯಿಲ್ಲವೆಂದು ತಿಳಿಸಿ ಹೇಳುತ್ತಿದ್ದ. ಅವರು ಗೌರವದಿಂದ ಕೇಳಿಸಿಕೊಳ್ಳುತ್ತಿದ್ದರು. ಆರು ತಿಂಗಳಾದ ಮೇಲೆ ಸ್ಟೇಶನ್ ಮಾಸ್ತರರು ಉದಯಕುಮಾರನಿಗೆ ಫೋನ್ ಮಾಡಿ, ನಿಮ್ಮ ತಂದೆಯವರು ಮನೆಯಲ್ಲೇ ಕೂತು ಮಾಡುವಂಥದ್ದು ಏನಾದರೂ ಇದೆಯೇ ಎಂದು ಕೇಳಿದರು. ಮರುವಾರ ಆಟ ಬಂತು.

ಸಾಯಬಣ್ಣ ಅದನ್ನು ಆಟ ಅನ್ನುತ್ತಿರಲಿಲ್ಲ, ಡ್ಯೂಟಿ ಅನ್ನುತ್ತಿದ್ದ. ಮೂರಕ್ಕೆ ಮುಖ ತೊಳೆದು, ಒಗೆದ ಅಂಗಿ ಹಾಕಿಕೊಂಡು ಕೂತರೆ ಐದಕ್ಕೆ ಏಳುತ್ತಿದ್ದ. ನಡುವೆ ಯಾರಾದರೂ ಮಾತಾಡಿಸಿದರೆ ಉತ್ತರ ಬರುತ್ತಿರಲಿಲ್ಲ.

ಅದೇ ಟೇಬಲ್ಲು, ಅದೇ ಕಂಪ್ಯೂಟರು ಬೆಳಿಗ್ಗೆ ಹತ್ತರಿಂದ ಎರಡರವರೆಗೆ ಸೊಸೆ ಸುಜಾತಾಳದ್ದು. ಆಕೆ ಶಹಾಬಾದಿನ ಒಂದು ಕಲ್ಲು ಪಾಲಿಶ್ ಕಾರ್ಖಾನೆಗೆ ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ನೆಲಕ್ಕೆ ಹಾಸುವ, ಪಾಲಿಶ್ ಆದ ಫರಸಿಗಳ ಫೋಟೋ ಬರುತ್ತಿದ್ದವು. ಅವುಗಳ ಬಣ್ಣ ಸರಿಮಾಡಿ, ಯಾವ ಕೋಣೆಗೆ ಯಾವ ಅಳತೆಯ ಕಲ್ಲು ಹೇಗೆ ಕೂರುತ್ತದೆಂದು ನಕ್ಷೆ ಬರೆದು, ಗಿರಾಕಿಗಳಿಗೆ ಕಳಿಸುವುದು ಅವಳ ಕೆಲಸ.

ಕೆಂಪು ದಾಟಿದ ದಿನ ಪರದೆಯ ಮೇಲೆ ಒಂದು ಪೆಟ್ಟಿಗೆ ಮೂಡಿ, ತಪ್ಪಾಗಿದೆ, ಗಾಡಿ ನಿಂತಿದೆ ಎಂದು ಹೇಳಿತು. ಸಾಯಬಣ್ಣ ಅದನ್ನು ಎರಡು ಸಲ ಓದಿದ. ಕಂಪ್ಯೂಟರ್ ಬಂದ್ ಮಾಡಿದ. ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ. ಜೋಳ ಹಸನು ಮಾಡುತ್ತ ಕೂತಿದ್ದ ಹೆಂಡತಿ ಭೀಮಬಾಯಿಗೆ, "ಮೂರು ದಿನ ಡ್ಯೂಟಿ ಇಲ್ಲ," ಅಂದ.

"ಯಾಕ್ರಿ?"

"ಕೆಲಸದಿಂದ ತೆಗದಾರ."

"ಯಾರು ತೆಗದಾರ?"

"ನಾನೇ."

ಭೀಮಬಾಯಿ ಮೊರದಲ್ಲಿನ ಜೋಳವನ್ನು ಮತ್ತೊಮ್ಮೆ ಕೇರಿದಳು. ಮೂರು ದಿನ ಸಾಯಬಣ್ಣ ಟೇಬಲ್ಲಿನ ಹತ್ತಿರ ಹೋಗಲಿಲ್ಲ. ನಾಲ್ಕನೆಯ ದಿನ ಹೋದ. ಐದನೆಯ ದಿನ ಮತ್ತೆ ಕೆಂಪು ದಾಟಿತು. ಈ ಸಲ ಒಂದು ವಾರ ತೆಗೆದುಹಾಕಿಕೊಂಡ. ವಾರ ಕಳೆದು ಕೂತವನಿಗೆ ಅದೇ ಮಧ್ಯಾಹ್ನ ಮೂರನೆಯದು ದಾಟಿದಾಗ ಅವನು ಎದ್ದು ಮಾನಿಟರಿನ ಹಿಂದೆ ಹೋಗಿ ನೋಡಿದ. ಮುಂದೆ ಬಂದು ನೋಡಿದ. ಧೋತರದ ಸೆರಗಿನಿಂದ ಪರದೆ ಒರೆಸಿದ.

"ಸುಜಾತಾ, ಈ ಮಾನಿಟರ್ ಸರಿ ಇಲ್ಲ. ಕೆಂಪನ್ನ ಹಳದಿ ತೋರಸಾಕತ್ತದ," ಅಂದ.

ಸುಜಾತಾ ನಗಲಿಲ್ಲ. ಅವಳಿಗೂ ಮಾನಿಟರಿನ ಮೇಲೆ ಅನುಮಾನ ಇತ್ತು. ಹದಿನೈದು ದಿನದ ಹಿಂದೆ ಹೈದರಾಬಾದಿನ ಗಿರಾಕಿಯೊಬ್ಬರು, ಫೋಟೋದಲ್ಲಿ ತಿಳಿನೀಲಿ ಇದ್ದ ಕಲ್ಲು ಮನೆಗೆ ಬಂದಾಗ ಬೂದಿ ಬಣ್ಣದ್ದಾಗಿದೆ ಎಂದು ಒಂದು ಲಾರಿ ಮಾಲು ವಾಪಸ್ ಕಳಿಸಿದ್ದರು. ಕಾರ್ಖಾನೆಯ ಮಾಲಕ ದಿಲೀಪ ಸೇಠ ಸಿಟ್ಟಿಗೆದ್ದಿರಲಿಲ್ಲ. "ಕಲ್ಲು ಬದಲಾಗಿಲ್ಲ ಬಾಯಿ, ಹಿಂದಿನಂಗೇ ಅದ. ಫೋಟೋ ಬದಲಾಗ್ಯಾದ," ಎಂದಷ್ಟೇ ಹೇಳಿದ್ದರು. ಅದು ಸಿಟ್ಟಿಗಿಂತ ಹೆಚ್ಚು ಚುಚ್ಚಿತ್ತು. ಹತ್ತು ವರ್ಷದ ಹಳೆಯ, ಹತ್ತೊಂಬತ್ತು ಇಂಚಿನ ಮಾನಿಟರು. ಎದುರಿಗೆ ಕೂತರೆ ಒಂದು ಬಣ್ಣ, ತುಸು ಬಾಗಿದರೆ ಇನ್ನೊಂದು.

ಉದಯಕುಮಾರನಿಗೆ ಫೋನ್ ಹೋಯಿತು. "ಆಫೀಸ್ ಕೆಲಸಕ್ಕ ಬ್ಯಾರೆ, ಗೇಮಿಗಿ ಬ್ಯಾರೆ ಬರ್ತಾವ," ಅಂದ ಅವನು.

"ಟೇಬಲ್ ಒಂದೇ ಅದ," ಅಂದಳು ಸುಜಾತಾ.

ಮೊದಲು ಚಿತ್ತಾಪುರಕ್ಕೆ ಹೋದರು. ಅಲ್ಲಿಯ ಅಂಗಡಿಯವನು ಒಂದೇ ಡಬ್ಬಿ ತಂದಿಟ್ಟು, "ಇದು ಆಫೀಸಿಗೂ ಆಗ್ತದ, ಗೇಮಿಗೂ ಆಗ್ತದ, ಸಿಸಿಟಿವಿಗೂ ಆಗ್ತದ," ಅಂದ. ತೆಗೆದು ತೋರಿಸಿರಿ ಅಂದರೆ ತೆಗೆದ ಮೇಲೆ ತಗೊಳ್ಳಲೇಬೇಕು ಅಂದ.

"ನೋಡಲಾರದೇ ಹ್ಯಾಂಗ ತಗೋಳೋದು?" ಅಂದ ಸಾಯಬಣ್ಣ.

"ಡಬ್ಬಿ ಮ್ಯಾಲ ಚಿತ್ರ ಅದಲ್ರಿ."

ಸಾಯಬಣ್ಣ ಡಬ್ಬಿಯ ಮೇಲಿನ ಚಿತ್ರ ನೋಡಿದ. ಅದರಲ್ಲಿ ಒಂದು ಗುಡ್ಡ ಇತ್ತು. ಸಿಗ್ನಲ್ ಇರಲಿಲ್ಲ. ಹೊರಗೆ ಬಂದರು.

ಶಹಾಬಾದಿನಲ್ಲಿ ಮಹೆವಿಶ್ ಎಂಬ ಹುಡುಗಿಯ ಅಂಗಡಿ ಇದೆಯೆಂದು ಕಾರ್ಖಾನೆಯವರು ಹೇಳಿದ್ದರು. ತಂದೆಯ ಟಿವಿ ರಿಪೇರಿ ಅಂಗಡಿಯನ್ನು ಕಂಪ್ಯೂಟರ್ ಅಂಗಡಿ ಮಾಡಿಕೊಂಡವಳು. ಸುಜಾತಾ ಫೋನ್ ಮಾಡಿ, ಆಫೀಸ್ ಕೆಲಸಕ್ಕೂ ಬೇಕು, ಮಾವನವರ ಆಟಕ್ಕೂ ಬೇಕು ಅಂದಾಗ ಆಕೆ ಯಾವ ಸಾಮಾನಿನ ಹೆಸರೂ ಹೇಳಲಿಲ್ಲ. "ನಿಮ್ಮ ಸಿಪಿಯು ತಗೊಂಡೇ ಬರ್ರಿ ಅಕ್ಕಾ. ನಿಮ್ಮ ಕೆಲಸ, ಅವರ ಆಟ ಎರಡೂ ಹಚ್ಚಿ ನೋಡಿ ಹೇಳ್ತೀನಿ," ಅಂದಳು.

ಮರುದಿನ ಟಂಟಂ ಆಟೋದಲ್ಲಿ ಹೊರಟರು. ಸಿಪಿಯುವನ್ನು ಹಳೆಯ ಕೌದಿಯಲ್ಲಿ ಸುತ್ತಿ ಸಾಯಬಣ್ಣ ತೊಡೆಯ ಮೇಲಿಟ್ಟುಕೊಂಡಿದ್ದ. ಸುಜಾತಾಳ ಚೀಲದಲ್ಲಿ ಅಂಗೈ ಅಗಲದ ಎರಡು ಕಲ್ಲಿನ ತುಂಡುಗಳು. ಎದುರಿಗೆ ಕೂತ ಹೆಂಗಸು ಬಹಳ ಹೊತ್ತು ಕೌದಿ ನೋಡಿ, ಏನದು ಎಂದು ಕೇಳಿದಳು.

"ಕಂಪ್ಯೂಟರ್," ಅಂದ ಸಾಯಬಣ್ಣ.

"ಆರಾಮ ಇಲ್ಲೇನು ಅದಕ್ಕ?"

"ಅದು ಆರಾಮೇ ಅದ. ಅದರ ಮಾನಿಟರ್ ಕಣ್ಣು ಹೋಗ್ಯಾವ," ಅಂದ.

ಮಹೆವಿಶ್ ಇಪ್ಪತ್ತಾರು-ಇಪ್ಪತ್ತೇಳರ ಹುಡುಗಿ. ಅಂಗಡಿಯಲ್ಲಿ ಮೂರು ಮಾನಿಟರ್ ಸಾಲಾಗಿ ಇಟ್ಟಿದ್ದಳು. "ಕುಂದ್ರಿ ಕಾಕಾ," ಎಂದು ಸಾಯಬಣ್ಣನಿಗೆ ಕುರ್ಚಿ ಕೊಟ್ಟು, ಸಿಪಿಯುವಿಗೆ ಮೊದಲನೆಯದನ್ನು ಜೋಡಿಸಿದಳು. ಇಪ್ಪತ್ತನಾಲ್ಕು ಇಂಚಿನದು. ಸುಜಾತಾ ಇನ್ನೂ ಬಣ್ಣ ತಿದ್ದಿರದ ಒಂದು ಕಲ್ಲಿನ ಫೋಟೋ ತೆರೆದು, ಚೀಲದಿಂದ ಅದೇ ಕಲ್ಲಿನ ತುಂಡು ತೆಗೆದು ಪರದೆಯ ಪಕ್ಕಕ್ಕೆ ಹಿಡಿದಳು. ಕಲ್ಲು ತಿಳಿನೀಲಿ. ಪರದೆ ಹಸಿರುಬೂದಿ. ಮಹೆವಿಶ್ ಅದನ್ನು ಬಿಚ್ಚಿದಳು. ಗಿರಾಕಿ ತಾನೇ ಕಲ್ಲು ಹಿಡಿದುಕೊಂಡು ಬಂದದ್ದು ಅವಳ ಮನಸ್ಸಿಗೆ ಹಿಡಿಸಿತ್ತು.

ಎರಡನೆಯದು ಇಪ್ಪತ್ತೇಳು ಇಂಚಿನದು, ಬಾಗಿದ ಪರದೆ. ಆಟ ಹಚ್ಚಿದಾಗ ಎಂಜಿನ್ನಿನ ಕಿಟಕಿ ಎರಡೂ ಕಡೆಯಿಂದ ಸುತ್ತಿಕೊಂಡು ಬಂದಂತಾಯಿತು. ಸಾಯಬಣ್ಣ ಬೆನ್ನು ನೆಟ್ಟಗೆ ಮಾಡಿ ಕೂತ.

"ಇದು ನೂರ ಅರವತ್ತೈದು ಹೋಗ್ತದ ಕಾಕಾ," ಅಂದಳು ಮಹೆವಿಶ್.

"ಗೂಡ್ಸ್ ಗಾಡಿಗಿ ಎಪ್ಪತ್ತೈದೇ ಹೆಚ್ಚಾತು. ನೂರ ಅರವತ್ತೈದಕ್ಕ ಪರವಾನಿಗಿ ಇಲ್ಲ."

"ಗಾಡಿ ವೇಗ ಅಲ್ರಿ. ಒಂದು ಸೆಕೆಂಡಿನಾಗ ಪರದಿ ಮ್ಯಾಲಿನ ಚಿತ್ರ ಎಷ್ಟು ಸಲ ಬದಲಾಗ್ತದ ಅಂತ. ಜಾಸ್ತಿ ಇದ್ದಷ್ಟು ಓಡೋದು ಸಾಫ್ ಕಾಣ್ತದ. ಬಂದೂಕಿನ ಆಟ ಆಡೋರಿಗಿ ಅಷ್ಟು ಬೇಕು. ನಿಮಗ ನೂರು ಭಾಳ ಆತು."

ಸುಜಾತಾ ಅದರಲ್ಲಿ ತನ್ನ ನಕ್ಷೆ ತೆರೆದಳು. ಫರಸಿಗಳ ನೇರ ಗೆರೆಗಳು ಮೇಲೂ ಕೆಳಗೂ ಬಿಲ್ಲಿನ ಹಾಗೆ ಬಗ್ಗಿದವು. "ದಿಲೀಪ ಸೇಠ ಇದನ್ನ ನೋಡಿದ್ರ ಕಟಿಂಗ್ ಮಷೀನ್ ಬಿಚ್ಚಿಸ್ತಾರ," ಅಂದಳು. ಅದೂ ಹೋಯಿತು.

ಮೂರನೆಯದು ಅಷ್ಟೇ ದೊಡ್ಡದು, ಆದರೆ ಸಪಾಟು. ಮೇಲೆ ಕೆಳಗೆ ಮಾಡಲು ಬರುವ ಸ್ಟ್ಯಾಂಡು, ಬೆಳಕು ಹೊಳೆಯದ ಪರದೆ, ಯಾವ ಬದಿಯಿಂದ ನೋಡಿದರೂ ಬದಲಾಗದ ಬಣ್ಣ. ಸುಜಾತಾ ಕಲ್ಲು ಹಿಡಿದಳು. ಪರದೆಯಲ್ಲೂ ಅದೇ ತಿಳಿನೀಲಿ. ಎರಡನೆಯ ತುಂಡು ಹಿಡಿದಳು. ಅದೂ ಸರಿ. ಅಕ್ಷರಗಳು ಇರುವೆ ಕಾಲಿನಷ್ಟು ಸಣ್ಣವಿದ್ದರೂ ಒಡೆಯದೆ ಕಾಣುತ್ತಿದ್ದವು. "ಇದೇ," ಅಂದಳು. ಆಟ ಹಚ್ಚಿ ಕುರ್ಚಿಯನ್ನು ಮಾವನಿಗೆ ಬಿಟ್ಟುಕೊಟ್ಟಳು.

ಸಾಯಬಣ್ಣ ಎರಡು ಹಸಿರು ಸಿಗ್ನಲ್ ದಾಟಿದ. ಮೂರನೆಯದರ ಹತ್ತಿರ ಬ್ರೇಕ್ ಹಾಕಿದ, ಅದೂ ಹಸಿರೇ ಇತ್ತು. "ಮಬ್ಬು ಅದ," ಅಂದ. "ಬಿಳಿ ಇದ್ದದ್ದೆಲ್ಲಾ ಚಾ ಚೆಲ್ಲಿದಂಗ ಕಾಣ್ತದ. ದೀಪದ ಸುತ್ತ ಮಂಜು ಕಟ್ಟಿದಂಗ ಅದ."

ಮಹೆವಿಶ್ ಬೆಳಕು ಹೆಚ್ಚಿಸಿದಳು. ಕಡಿಮೆ ಮಾಡಿದಳು. ಅಂಗಡಿಯ ಟ್ಯೂಬ್‌ಲೈಟ್ ಆರಿಸಿದಳು. ಬಣ್ಣವನ್ನು ನೀಲಿಯ ಕಡೆ ತಿರುಗಿಸಿದಳು. ಸುಜಾತಾಳ ಕಣ್ಣಿಗೆ ಹಿಮವೆಲ್ಲ ನೀರು ನೀಲಿಯಾಗಿ ಕಂಡಾಗ ಸಾಯಬಣ್ಣ, "ಈಗ ಸ್ವಲ್ಪ ಪರವಾಗಿಲ್ಲ," ಅಂದ.

ಮಹೆವಿಶ್ ಅವನ ಮುಖ ನೋಡಿದಳು. ಆಮೇಲೆ ಆಟ ಬಂದ್ ಮಾಡಿ ಪರದೆಯ ತುಂಬ ಬಿಳಿ ಬಣ್ಣ ಬಿಟ್ಟಳು.

"ಕಾಕಾ, ಒಂದು ಕಣ್ಣು ಮುಚ್ಚಿ ನೋಡ್ರಿ. ಎಡಗಣ್ಣು."

ಸಾಯಬಣ್ಣ ಅಂಗೈಯಿಂದ ಎಡಗಣ್ಣು ಮುಚ್ಚಿದ. "ಬಿಳಿ ಅದ. ಸ್ವಲ್ಪ ಕಂದು."

"ಈಗ ಬಲಗಣ್ಣು ಮುಚ್ಚರಿ."

ಅವನು ಕೈ ಬದಲಿಸಿದ. ಮತ್ತೆ ಬದಲಿಸಿದ. ಮತ್ತೆ. ಹೊರಗೆ ಕಲ್ಲು ತುಂಬಿದ ಟ್ರ್ಯಾಕ್ಟರ್ ಒಂದು ಹೋಯಿತು. "ಈ ಕಡಿ ಎಲ್ಲಾ ಹಳದಿ ಅದ," ಅಂದ ಕೊನೆಗೆ. "ಮಾನಿಟರಿಂದೇ ಏನೋ ದೋಷ ಅದ ಬೇಟಿ."

"ಮಾನಿಟರ್ ಎರಡೂ ಕಣ್ಣಿಗಿ ಒಂದೇ ಕಳಸ್ತದ್ರಿ ಕಾಕಾ," ಅಂದಳು ಮಹೆವಿಶ್. ಮೆಲ್ಲಗೇ ಹೇಳಿದಳು. "ನಮ್ಮ ಅಬ್ಬಾಗೂ ಹಿಂಗೇ ಆಗಿತ್ತು. ಒಂದು ವರ್ಷ ಟಿವಿಗಿ ಬೈತಿದ್ರು. ಕಣ್ಣಿಗಿ ಪೊರಿ ಬಂದಿತ್ತು."

ಸಾಯಬಣ್ಣ ಎದ್ದ. ಸಿಪಿಯುವಿನ ವೈರುಗಳನ್ನು ತಾನೇ ಬಿಚ್ಚಿದ. ಕೌದಿ ಸುತ್ತಿದ. "ನಂದು ಏ-ವನ್ ಕಣ್ಣು," ಅಂದ. ಏ-ವನ್ ಅಂದರೆ ಡ್ರೈವರುಗಳಿಗೆ ರೈಲ್ವೆಯವರು ಇಟ್ಟ ಎಲ್ಲಕ್ಕಿಂತ ಮೇಲಿನ ದರ್ಜೆ. ಅದು ತಪ್ಪಿದರೆ ಎಂಜಿನ್ ಹತ್ತುವ ಹಾಗಿಲ್ಲ. ಜೊತೆಯಲ್ಲಿ ಸೇರಿದ ಎಷ್ಟೋ ಮಂದಿ ಐವತ್ತು ದಾಟುವುದರೊಳಗೆ ಅದನ್ನು ಕಳೆದುಕೊಂಡು ಆಫೀಸಿನಲ್ಲಿ ಕೂತಿದ್ದರು. ಸಾಯಬಣ್ಣ ಕೊನೆಯ ದಿನದವರೆಗೂ ಏ-ವನ್. "ಕೊನೀ ತಪಾಸಣಿ ಕಾಗದ ಮನ್ಯಾಗ ಅದ," ಅಂದ.

"ಅದು ಯಾವಾಗಿಂದ್ರಿ?" ಎಂದು ಮಹೆವಿಶ್ ಕೇಳಿದಳು. ಅವನು ಆಗಲೇ ಮೆಟ್ಟಿಲಿಳಿದಿದ್ದ. ಸುಜಾತಾ ಹಿಂದೆ ಉಳಿದು, ಮೂರನೆಯ ಮಾನಿಟರನ್ನು ಯಾರಿಗೂ ಕೊಡಬೇಡ ಎಂದು ಹೇಳಿ ಓಡಿಬಂದಳು.

ವಾಪಸ್ ಬರುವಾಗ ಪ್ಯಾಸೆಂಜರ್ ಗಾಡಿ ಸಿಕ್ಕಿತು. ಸಿಪಿಯು ಸೀಟಿನ ಮೇಲೆ, ಅದರ ಪಕ್ಕ ಸಾಯಬಣ್ಣ, ಕಿಟಕಿಗೆ. ಸುಜಾತಾ ಎದುರಿಗೆ ಕೂತು ಬೇರೆ ಕಡೆ ನೋಡುತ್ತಿರುವ ಹಾಗೆ ಮಾಡಿದಳು. ವಾಡಿಗೆ ಇನ್ನೇನು ಬಂತು ಅನ್ನುವಾಗ ಗಾಡಿ ಸ್ಟೇಶನ್ನಿನ ಹೊರಗೇ ನಿಂತಿತು. ಪಕ್ಕದ ಲೈನಿಗೆ ಒಂದು ಸಿಗ್ನಲ್ ಕಂಬವಿತ್ತು. ಬಿಸಿಲು ಇನ್ನೂ ಜೋರಾಗಿತ್ತು. ಸಾಯಬಣ್ಣ ಒಂದು ಕಣ್ಣು ಮುಚ್ಚಿದ, ತೆರೆದ. ಇನ್ನೊಂದು ಮುಚ್ಚಿದ. ಗಾಡಿಯಲ್ಲಿ ಕಡಲೆ ಮಾರುವವನು ಅವನನ್ನು ಸ್ವಲ್ಪ ಹೊತ್ತು ನೋಡಿ ಮುಂದೆ ಹೋದ.

"ಸುಜಾತಾ, ಅದು ಏನು ಅದ?"

"ಕೆಂಪ್ರಿ ಮಾವ."

"ಎಡಗಣ್ಣಿಗಿ ಹತ್ತಿ ಉಂಡಿ ಇದ್ದಂಗ ಕಾಣ್ತದ. ಹಳದಿ ಹತ್ತಿ."

ಸುಜಾತಾಳೂ ಕಂಬದ ಕಡೆ ತಿರುಗಿ ನೋಡಿದಳು.

"ನಾ ಡ್ಯೂಟಿ ಮ್ಯಾಲ ಇದ್ದಾಗೂ ಹಿಂಗೇ ಇತ್ತೇನು ಅಂತ," ಅಂದ ಸಾಯಬಣ್ಣ. ಅವನ ದನಿ ಸಣ್ಣದಾಗಿತ್ತು. "ಬೆನ್ನಿಗಿ ಐವತ್ತೆಂಟು ಡಬ್ಬಿ ಕಲ್ಲಿದ್ದಲು ಇರ್ತಿತ್ತು. ಮುಂದ ಪ್ಯಾಸೆಂಜರ್ ಗಾಡಿ ನಿಂತಿರ್ತಿದ್ದವು. ಇಂಥಾ ಗಾಡಿ, ಮಂದಿ ತುಂಬಿದ್ದು."

ಅವನಿಗೆ ಪೊರೆಯ ಭಯ ಇರಲಿಲ್ಲ, ಕಣ್ಣು ಹೋದೀತೆಂಬ ಭಯವೂ ಇರಲಿಲ್ಲ. ಮೂವತ್ತನಾಲ್ಕು ವರ್ಷದ ಕೊನೆಯಲ್ಲಿ ಎಲ್ಲೋ ಒಂದು ವರ್ಷ ತಾನು ಕುರುಡಾಗಿ ಓಡಿಸಿ, ಯಾರದೋ ಪುಣ್ಯದಿಂದ ಬಚಾವಾಗಿರಬಹುದು ಅನ್ನುವುದೇ ಅವನ ಭಯವಾಗಿತ್ತು. ಸುಜಾತಾಳಿಗೆ ಅದು ಅರ್ಥವಾಯಿತು. ಹಂಗೇನಿಲ್ಲ ಬಿಡ್ರಿ ಎಂದು ಹೇಳಬಹುದಿತ್ತು. ಅವಳಿಗೇ ಗೊತ್ತಿಲ್ಲದ್ದನ್ನು ಹೇಳಲು ಮನಸ್ಸಾಗಲಿಲ್ಲ.

"ದವಾಖಾನಿಗಿ ಹೋಗಿ ಕೇಳಾಮ್ರಿ," ಅಂದಳು.

ನಾಲ್ಕು ದಿನಕ್ಕೆ ಕಲಬುರಗಿಯ ಒಂದು ಕಣ್ಣಿನ ಆಸ್ಪತ್ರೆಗೆ ಹೋದರು. ಉದಯಕುಮಾರನೂ ರಜೆ ಹಾಕಿ ಬಂದ. ಡಾಕ್ಟರಮ್ಮ ಔಷಧಿ ಹಾಕಿ, ಒಂದು ತಾಸು ಕೂರಿಸಿ, ದೀಪ ಹಿಡಿದು ನೋಡಿದರು. ಎರಡೂ ಕಣ್ಣಿನಲ್ಲಿ ಪೊರೆ ಇತ್ತು. ಎಡಗಣ್ಣಿನಲ್ಲಿ ಹೆಚ್ಚು. ಮೊದಲು ಎಡಗಣ್ಣು ಮಾಡಿ, ಆಮೇಲೆ ಇನ್ನೊಂದು ಮಾಡೋಣ, ಹೆದರುವಂಥದ್ದು ಏನಿಲ್ಲ ಅಂದರು.

"ಯಾವಾಗಿಂದ ಅದ್ರಿ?" ಎಂದು ಕೇಳಿದ ಸಾಯಬಣ್ಣ.

"ಹಿಂಗೇ ಅಂತ ಹೇಳಕ್ಕ ಬರಂಗಿಲ್ಲ ಯಜಮಾನ್ರ. ನಿಧಾನ ಬೆಳೀತದ."

ಅವನು ಅಂಗಿಯ ಒಳಜೇಬಿನಿಂದ ಪ್ಲಾಸ್ಟಿಕ್ ಚೀಲದಲ್ಲಿಟ್ಟ ಕಾಗದ ತೆಗೆದ. ನಿವೃತ್ತಿಗೆ ನಾಲ್ಕು ತಿಂಗಳ ಮೊದಲಿನ ತಪಾಸಣೆಯದು. ಡಾಕ್ಟರಮ್ಮ ಕನ್ನಡಕ ಏರಿಸಿ ಓದಿದರು. ಹೊರಗೆ ಹೆಸರು ಕೂಗುತ್ತಿದ್ದರು. ಆಕೆ ಅವಸರ ಮಾಡಲಿಲ್ಲ.

"ಇದರಾಗ ಎರಡೂ ಕಣ್ಣು ಸ್ವಚ್ಛ ಅವ. ದೂರದ್ದೂ ಸರಿ ಅದ, ಬಣ್ಣಾನೂ ಸರಿ ಅದ."

"ಅಂದ್ರ ಆಮ್ಯಾಲ ಬಂದದ್ದು."

"ಹೌದು. ಆಮ್ಯಾಲೇ ಬಂದದ್ದು."

"ಬರದು ಕೊಡ್ರಿ."

ಡಾಕ್ಟರಮ್ಮ ಉದಯಕುಮಾರನ ಕಡೆ ನೋಡಿದರು. ಉದಯಕುಮಾರ ನೆಲ ನೋಡಿದ. ಆಕೆ ಚೀಟಿಯ ಹಿಂದೆ, ನಿವೃತ್ತಿಯ ಹೊತ್ತಿನ ತಪಾಸಣೆಯಲ್ಲಿ ಪೊರೆ ಕಂಡುಬಂದಿಲ್ಲ ಎಂದು ಬರೆದು, ಸಹಿ ಮಾಡಿ, ಕೇಳದಿದ್ದರೂ ಮುದ್ರೆ ಹಾಕಿಕೊಟ್ಟರು. ಸಾಯಬಣ್ಣ ಅದನ್ನು ಹಳೆಯ ಕಾಗದದ ಜೊತೆ ಮಡಚಿಟ್ಟ. ಆಪರೇಶನ್ನಿಗೆ ಯಾವ ದಿನ, ಯಾವ ಲೆನ್ಸು ಎಂದು ಏನೂ ಕೇಳದೆ ಹೂಂ ಅಂದ. ಬಸ್ಸಿನಲ್ಲಿ, ಆ ನಾಲ್ಕು ದಿನದಲ್ಲಿ ಮೊದಲ ಸಲ, ಕಣ್ತುಂಬ ನಿದ್ದೆ ಮಾಡಿದ. ಉದಯಕುಮಾರನ ಹೆಗಲ ಮೇಲೆ ತಲೆ ಇಟ್ಟಿದ್ದ.

ಆಪರೇಶನ್ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಕಪ್ಪು ಕನ್ನಡಕ ಹಾಕಿಕೊಂಡು ಮೂರು ವಾರ ಮನೆಯಲ್ಲಿ ಕೂತ. ಪಟ್ಟಿ ಬಿಚ್ಚಿದ ದಿನ ಅಡುಗೆಮನೆಗೆ ಹೋಗಿ, ಗೋಡೆಯ ಬಣ್ಣ ಯಾವಾಗ ಬದಲಿಸಿದಿರಿ ಎಂದು ಭೀಮಬಾಯಿಯನ್ನು ಕೇಳಿದ. ಬದಲಿಸಿ ಎರಡು ವರ್ಷವಾಗಿತ್ತು.

ಡಾಕ್ಟರಮ್ಮ ಇನ್ನು ಕಂಪ್ಯೂಟರ್ ನೋಡಬಹುದು ಅಂದ ಮೇಲೆ ಮತ್ತೆ ಶಹಾಬಾದಿಗೆ ಹೋದರು. ಮಹೆವಿಶ್ ಮೂರನೆಯ ಮಾನಿಟರನ್ನು ಬಟ್ಟೆ ಮುಚ್ಚಿ ಎತ್ತಿಟ್ಟಿದ್ದಳು. ಹಚ್ಚಿದಳು. ಸಾಯಬಣ್ಣ ಎರಡೂ ಕಣ್ಣಿನಿಂದ ನೋಡಿದ, ಒಂದರಿಂದ ನೋಡಿದ, ಇನ್ನೊಂದರಿಂದ ನೋಡಿದ.

"ನೀಲಿ ಜಾಸ್ತಿ ಆತು," ಅಂದ.

"ಆಪರೇಶನ್ ಆದ ಮ್ಯಾಲ ಕೆಲವು ದಿನ ಹಂಗೇ ಅನಸ್ತದ ಕಾಕಾ. ಎರಡನೇ ಕಣ್ಣು ಆಗೋ ತನಕ ಮಾನಿಟರಿನ ಬಣ್ಣ ತಿದ್ದಬ್ಯಾಡ್ರಿ," ಅಂದಳು ಮಹೆವಿಶ್. ಅವನು ತಲೆಯಾಡಿಸಿದ. ಅಂದು ಹಾಗೆ ಎದ್ದುಹೋದದ್ದಕ್ಕೆ ಏನೋ ಹೇಳಬೇಕೆಂದು ಬಾಯಿ ತೆರೆದು, "ನಿಮ್ಮ ಅಬ್ಬಾ ಆರಾಮ ಅದಾರಿಲ್ಲೋ?" ಎಂದು ಕೇಳಿದ. ಆರಾಮ ಇದ್ದಾರೆ, ಈಗ ಟಿವಿಗೆ ಬೈಯುವುದಿಲ್ಲ, ಕೇಬಲಿನವನಿಗೆ ಬೈಯುತ್ತಾರೆ ಅಂದಳು ಅವಳು.

ಮನೆಯಲ್ಲಿ ಮಾನಿಟರ್ ಬಂದು ಕೂತ ಮೇಲೆ ಸುಜಾತಾ ಒಂದು ಕೆಲಸ ಮಾಡಿದಳು. ಹಿಂದೆ ಕಳಿಸಿದ್ದ ಫೋಟೋಗಳನ್ನೆಲ್ಲ ಒಂದೊಂದಾಗಿ ತೆರೆದಳು. ಸುಮಾರು ಮೂರರಲ್ಲಿ ಒಂದರ ಬಣ್ಣ ತಪ್ಪಿತ್ತು. ತಪ್ಪು ತನ್ನ ಕಣ್ಣಿನದಲ್ಲ, ಹಳೆಯ ಮಾನಿಟರಿನದು ಎಂದು ಅವಳಿಗೆ ಗೊತ್ತಿತ್ತು. ಆದರೂ ಮಾಲು ವಾಪಸ್ ಬರುವ ತನಕ ಅನುಮಾನ ಬರಲಿಲ್ಲವಲ್ಲ ಎಂದು ಒಂದು ದಿನವಿಡೀ ಮುಖ ಸಪ್ಪಗೆ ಮಾಡಿಕೊಂಡಿದ್ದಳು. ನಾಲ್ಕು ದಿನ ಕೂತು ಎಲ್ಲ ತಿದ್ದಿ ಹೊಸದಾಗಿ ಕಳಿಸಿದಳು. ದಿಲೀಪ ಸೇಠರ ಫೋನ್ ಬಂತು. "ಈಗ ಕಲ್ಲು ಕಲ್ಲಿನಂಗ ಕಾಣಾಕತ್ತದ," ಅಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತು. ಹೈದರಾಬಾದಿನ ಗಿರಾಕಿಯೂ ಬೂದಿ ಬಣ್ಣದ ಕಲ್ಲು ಅಂಗಳಕ್ಕೆ ಇರಲಿ ಎಂದು ಮತ್ತೆ ತರಿಸಿಕೊಂಡರು.

ಮಾನಿಟರನ್ನು ದಿನಕ್ಕೆ ಎರಡು ಸಲ ಹೊಂದಿಸಬೇಕಾಯಿತು. ಸುಜಾತಾ ಕೂತಾಗ ಬೆಳಕು ಮೆತ್ತಗೆ, ಸ್ಟ್ಯಾಂಡು ಕೆಳಗೆ. ಸಾಯಬಣ್ಣ ಕೂತಾಗ ಸ್ಟ್ಯಾಂಡು ಮೇಲೆ, ಎಂಜಿನ್ನಿನಿಂದ ನೋಡಿದ ಎತ್ತರಕ್ಕೆ. ಪರದೆಯ ಹಿಂದಿನ ಗುಂಡಿ ಒತ್ತಿದರೆ ಆಫೀಸಿನ ಬಣ್ಣದಿಂದ ಆಟದ ಬಣ್ಣಕ್ಕೆ ಹೋಗುತ್ತಿತ್ತು. ಗುಂಡಿ ಒತ್ತಲು ಸಾಯಬಣ್ಣ ಮೊದಲು ಸೊಸೆಯನ್ನು ಕರೆಯುತ್ತಿದ್ದ. ಒಂದು ವಾರಕ್ಕೆ ತಾನೇ ಕಲಿತ.

ಆ ತಿಂಗಳು ಕೆಂಪು ಸಿಗ್ನಲ್ ಒಂದೂ ದಾಟಲಿಲ್ಲ.

ಒಂದು ಮಧ್ಯಾಹ್ನ ಭೀಮಬಾಯಿ ಕೆಲಸ ಮುಗಿಸಿ, ಸ್ಟೂಲ್ ತಂದು ಅವನ ಪಕ್ಕ ಕೂತಳು. ಚಿಂಚೋಳಿ ಕಡೆಯ ಹಳ್ಳಿಯಿಂದ ಹದಿನೆಂಟಕ್ಕೆ ಮದುವೆಯಾಗಿ ಬಂದವಳು. ಗಂಡ ಗಾಡಿ ಓಡಿಸುವುದನ್ನು ಒಂದು ದಿನವೂ ಕಂಡಿರಲಿಲ್ಲ; ಎಂಜಿನ್ನಿನೊಳಗೆ ಮನೆಯವರನ್ನು ಬಿಡುವುದಿಲ್ಲ. ಪರದೆಯ ಮೇಲೆ ಹಿಮ ಬೀಳುತ್ತಿತ್ತು. ಮುಂದೆ ಕೆಂಪು ದೀಪ. ಗಾಡಿ ನಿಂತಿತ್ತು.

"ಯಾಕ ನಿಂತದ್ರಿ?"

"ಎದುರಿನ ಗಾಡಿ ಬರಬೇಕು."

ಹತ್ತು ನಿಮಿಷವಾಯಿತು. ಕಾಯುವ ಹೊತ್ತನ್ನು ಹಾರಿಸುವ ಗುಂಡಿ ಆಟದಲ್ಲಿ ಇತ್ತು. ಸಾಯಬಣ್ಣ ಅದನ್ನು ಒತ್ತಲಿಲ್ಲ. ಕೈ ಬ್ರೇಕಿನ ಮೇಲೆ, ಕಣ್ಣು ದೀಪದ ಮೇಲೆ. ಇಪ್ಪತ್ತು ನಿಮಿಷವಾಯಿತು. ಏನೂ ಆಗಲಿಲ್ಲ. ಹಿಮ ಬಿದ್ದೇ ಬಿತ್ತು.

"ಹಿಂಗೇ ಇರ್ತಿತ್ತೇನ್ರಿ?" ಎಂದಳು ಭೀಮಬಾಯಿ.

"ಹಿಂಗೇ. ಒಮ್ಮೊಮ್ಮೆ ಐದು ತಾಸು, ಆರು ತಾಸು."

"ಒಬ್ಬರೇ?"

"ಅಸಿಸ್ಟಂಟ್ ಇರ್ತಿದ್ದ. ಅವನೂ ಮಾತಾಡ್ತಿದ್ದಿಲ್ಲ."

ಭೀಮಬಾಯಿ ಬಹಳ ಹೊತ್ತು ಆ ದೀಪ ನೋಡಿದಳು. ರೊಟ್ಟಿ ಆರಿಹೋಯಿತೆಂದು, ಹೇಳಿದ ಹೊತ್ತಿಗೆ ಬರಲಿಲ್ಲವೆಂದು, ಎಲ್ಲಿ ಕೂತು ಹರಟೆ ಹೊಡೆದಿರಿ ಎಂದು ತಾನು ಜಗಳ ಮಾಡಿದ್ದೆಲ್ಲ ಅವಳಿಗೆ ನೆನಪಾಯಿತು.

"ಚಾ ಮಾಡ್ಕೊಂಡು ಬರ್ತೀನಿ," ಎಂದು ಎದ್ದಳು.

ಚಹಾ ಕುದಿಯುವಷ್ಟರಲ್ಲಿ ಎದುರಿನ ಗಾಡಿ ಬಂದು ಹೋಯಿತು. ಆಕೆ ಕಪ್-ಬಸಿ ಹಿಡಿದು ಪಡಸಾಲೆಗೆ ಬಂದಾಗ ಪರದೆಯಲ್ಲಿ ಗಿಡಮರ ಹಿಂದಕ್ಕೆ ಓಡುತ್ತಿದ್ದವು.

"ನಾ ಬರೋ ತನಕ ನಿಲ್ಲಬಾರದೇನ್ರಿ?" ಅಂದಳು.

"ಹಸಿರು ಬಿದ್ದ ಮ್ಯಾಲ ನಿಲ್ಲಂಗಿಲ್ಲ," ಅಂದ ಸಾಯಬಣ್ಣ. ಪರದೆಯಿಂದ ಕಣ್ಣು ತೆಗೆಯದೆಯೇ ಒಂದು ಕೈಯಿಂದ ಸ್ಟೂಲನ್ನು ತನ್ನ ಹತ್ತಿರಕ್ಕೆ ಎಳೆದ. ಭೀಮಬಾಯಿ ಚಹಾ ಟೇಬಲ್ಲಿನ ಮೇಲಿಟ್ಟು ಕೂತಳು. ಮುಂದಿನ ಸ್ಟೇಶನ್ ಎಷ್ಟು ದೂರ ಎಂದು ಕೇಳಿದಳು. ನಲವತ್ತು ನಿಮಿಷ ಅಂದ ಅವನು.